ಕೆರೆಯ ದಂಡೆ, ಗಾಳದ ಕೋಲು

ಕೆರೆಯ ದಂಡೆಯ ಮೇಲೆ ಗಾಳ ಹಾಕಿ ಕುಳಿತವನನ್ನು ಕೆಲಸವಿಲ್ಲದವನೆಂದು ಎಣಿಸುವುದು ನಮ್ಮ ಊರುಗಳಲ್ಲಿ ವಾಡಿಕೆ. ಹಾವೇರಿಯ ಹೆಗ್ಗೇರಿಯ ಏರಿಯ ಮೇಲಾಗಲಿ, ರಾಣೆಬೆನ್ನೂರಿನ ದೊಡ್ಡಕೆರೆಯ ಅಂಚಿನಲ್ಲಾಗಲಿ, ಬಿದಿರ ಕೋಲು ಹಿಡಿದು ನೀರನ್ನೇ ನೋಡುತ್ತ ಕುಳಿತ ಹುಡುಗನಿಗೆ ಹಿರಿಯರಿಂದ ಎರಡು ಮಾತು ತಪ್ಪಿದ್ದಲ್ಲ. ಆದರೆ ಆ ಹುಡುಗನ ಹಿಂದೆ ಒಂಬೈನೂರು ವರ್ಷಗಳ ಇತಿಹಾಸವಿದೆ. ಅದರ ಮೊದಲ ಪುಟವನ್ನು ಬರೆಸಿದವನು ಈ ನಾಡನ್ನಾಳಿದ ಒಬ್ಬ ಚಕ್ರವರ್ತಿ. ನಮ್ಮ ಮೂರು ಊರುಗಳ ಕೆರೆಗಳನ್ನು ಎದುರಿಗಿಟ್ಟುಕೊಂಡು ಆ ಇತಿಹಾಸದತ್ತ ಒಮ್ಮೆ ಕಣ್ಣು ಹಾಯಿಸೋಣ.

ಹಾವೇರಿಯ ಸಿದ್ಧೇಶ್ವರ ದೇವಾಲಯವನ್ನು ನೀವು ನೋಡಿಯೇ ಇರುತ್ತೀರಿ. ಪೂರ್ವಕ್ಕೆ ಬೆನ್ನು ಮಾಡಿ ಪಡುವಣಕ್ಕೆ ಮುಖ ಮಾಡಿ ನಿಂತಿರುವ ಆ ಬಳಪದ ಕಲ್ಲಿನ ಗುಡಿ ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪ. ವರದೆ ತುಂಗಭದ್ರೆಯನ್ನು ಕೂಡುವ ಗಳಗನಾಥದ ಗುಡಿಯೂ ಆ ಕಾಲದ ಶಿಲ್ಪಪರಂಪರೆಗೇ ಸೇರಿದ್ದು. ಆ ವಂಶದಲ್ಲಿ ಆರನೆಯ ವಿಕ್ರಮಾದಿತ್ಯನ ತರುವಾಯ ಪಟ್ಟಕ್ಕೆ ಬಂದವನು ಅವನ ಮಗ ಮೂರನೆಯ ಸೋಮೇಶ್ವರ. 1126ರಿಂದ 1138ರವರೆಗೆ ಆಳಿದ ಈ ಅರಸನಿಗೆ ಯುದ್ಧಕ್ಕಿಂತ ವಿದ್ಯೆಯಲ್ಲಿ ಒಲವು ಹೆಚ್ಚು. ಸರ್ವಜ್ಞನೆಂಬ ಬಿರುದು ಅವನಿಗಿತ್ತು. 1129ರ ಸುಮಾರಿಗೆ ಅವನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಗ್ರಂಥಕ್ಕೆ ‘ಅಭಿಲಷಿತಾರ್ಥಚಿಂತಾಮಣಿ’ ಎಂಬ ಇನ್ನೊಂದು ಹೆಸರೂ ಉಂಟು. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ಭಾಗ, ಒಟ್ಟಿಗೆ ನೂರು ಅಧ್ಯಾಯ. ರಾಜ್ಯವನ್ನು ಗಳಿಸುವುದು ಹೇಗೆ ಎಂಬುದರಿಂದ ಹಿಡಿದು ಆನೆ, ಕುದುರೆ, ರತ್ನ, ಅಡಿಗೆ, ಸಂಗೀತ, ಚಿತ್ರಕಲೆಯವರೆಗೆ ಅದರಲ್ಲಿ ಇಲ್ಲದ ವಿಷಯವಿಲ್ಲ. ವಿನೋದಗಳನ್ನು ಹೇಳುವ ಭಾಗದಲ್ಲಿ ಒಂದು ಅಧ್ಯಾಯದ ಹೆಸರು ‘ಮತ್ಸ್ಯವಿನೋದ’. ಗಾಳ ಹಾಕಿ ಮೀನು ಹಿಡಿಯುವ ಆಟವನ್ನು ಕುರಿತ ಅಧ್ಯಾಯವದು.

ಅರಸನು ಮೀನು ಹಿಡಿಯುವುದೆಂದರೇನು? ಹೊಟ್ಟೆಪಾಡಿಗಾಗಿ ಅವನು ಕೋಲು ಹಿಡಿಯಬೇಕಾಗಿರಲಿಲ್ಲ. ಅರಮನೆಗೆ ಮೀನು ತಂದುಕೊಡುವ ಬೆಸ್ತರಿಗೆ ಕೊರತೆ ಇರಲಿಲ್ಲ. ಬಲೆ ಬೀಸಿದರೆ ಹತ್ತು ಮೀನು ಒಮ್ಮೆಗೇ ಬಂದಾವು. ಗಾಳಕ್ಕೆ ಒಂದೇ ಮೀನು, ಅದೂ ಬರುವುದೆಂಬ ನಂಬಿಕೆಯಿಲ್ಲ. ವಿನೋದವಿರುವುದು ಈ ನಂಬಿಕೆಯಿಲ್ಲದ ಕಾಯುವಿಕೆಯಲ್ಲಿ ಎಂಬುದನ್ನು ಸೋಮೇಶ್ವರನು ಬಲ್ಲವನಾಗಿದ್ದ. ಅದಕ್ಕೆಂದೇ ಅವನ ಅಧ್ಯಾಯ ಮೊದಲು ಮೀನನ್ನು ಪರಿಚಯ ಮಾಡಿಕೊಡುತ್ತದೆ. ಮೂವತ್ತೈದು ಬಗೆಯ ಮೀನುಗಳನ್ನು ಅದು ಹೆಸರಿಸುತ್ತದೆ. ಕಡಲಿನವು ಯಾವುವು, ಸಿಹಿನೀರಿನವು ಯಾವುವು. ಮೈಮೇಲೆ ಹುರುಪೆ ಉಳ್ಳವು ಯಾವುವು, ಇಲ್ಲದವು ಯಾವುವು. ಗಾತ್ರದಲ್ಲಿ ದೊಡ್ಡವು, ನಡುತರದವು, ಸಣ್ಣವು ಯಾವುವು ಎಂದು ವಿಂಗಡಿಸಿ ಹೇಳುತ್ತದೆ. ಆಮೇಲೆ ಯಾವ ಮೀನಿಗೆ ಯಾವ ಆಹಾರ ಹಿತ, ಅದನ್ನು ಹಾಕಿ ಮೀನನ್ನು ಹೇಗೆ ರೂಢಿಗೆ ತರಬೇಕು ಎಂಬ ವಿವರ ಬರುತ್ತದೆ. ಆ ಬಳಿಕ ದಾರ, ಕೋಲು, ಗಾಳಗಳ ಮಾತು.

ಈ ಕ್ರಮವನ್ನು ಗಮನಿಸಿ. ಮೊದಲು ಮೀನಿನ ಜಾತಿ, ಆಮೇಲೆ ಅದರ ಮನೆ, ಆಮೇಲೆ ಅದರ ಊಟ, ಕಟ್ಟಕಡೆಗೆ ಗಾಳ. ತಿಳಿವಳಿಕೆ ಮುಂದೆ, ಹಿಡಿಯುವುದು ಹಿಂದೆ. ಭಾರತದ ಪ್ರಾಣಿವಿಜ್ಞಾನ ಸರ್ವೇಕ್ಷಣ ಸಂಸ್ಥೆಯ ನಿರ್ದೇಶಕರಾಗಿದ್ದ ಸುಂದರಲಾಲ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಮೀನಿನ ಶಾಸ್ತ್ರಜ್ಞರ ಕಣ್ಣಿನಿಂದ ಓದಿ ಅದರ ಮೇಲೆ ಲೇಖನ ಬರೆದರು. ಗಾಳದ ಆಟವೆಂದೊಡನೆ ಇಂಗ್ಲೆಂಡಿನ ಐಸಾಕ್ ವಾಲ್ಟನ್ನನ ಹೆಸರು ಹೇಳುವುದು ರೂಢಿ. ಅವನ ಪ್ರಸಿದ್ಧ ಗ್ರಂಥ ಅಚ್ಚಾದದ್ದು 1653ರಲ್ಲಿ. ಅದಕ್ಕಿಂತ ಮುಂಚೆ ಇಂಗ್ಲಿಷಿನಲ್ಲಿ ಈ ವಿಷಯದ ಮೇಲೆ ಅಚ್ಚಾದ ಪುಸ್ತಿಕೆ 1496ರದು. ಸೋಮೇಶ್ವರನ ಅಧ್ಯಾಯವಾದರೋ ಅದಕ್ಕೂ ಮುನ್ನೂರು ವರ್ಷಗಳಿಗಿಂತ ಹಿಂದಿನದು. ಹೊರನಾಡಿನಿಂದ ಬಂದ ದೊರೆಗಳು ಕಲಿಸಿಹೋದ ಹವ್ಯಾಸವಿದು ಎಂದು ಯಾರಾದರೂ ಹೇಳಿದರೆ, ನೀವು ಈ ವರ್ಷಗಳನ್ನು ನೆನಪು ಮಾಡಿಕೊಡಬಹುದು.

ಅಂದ ಹಾಗೆ, ಹಿಡಿದ ಮೀನನ್ನು ಅರಸನು ಏನು ಮಾಡುತ್ತಿದ್ದ? ಅದಕ್ಕೂ ಅವನ ಗ್ರಂಥದಲ್ಲಿ ಉತ್ತರವುಂಟು. ಅಡಿಗೆಯನ್ನು ಹೇಳುವ ಅಧ್ಯಾಯದಲ್ಲಿ ಮೀನನ್ನು ತುಂಡು ಮಾಡಿ, ಚೆನ್ನಾಗಿ ತೊಳೆದು, ಹುಣಿಸೆಯ ರಸದಲ್ಲಿ ಬೇಯಿಸಿ, ಹಿಟ್ಟು ಹಚ್ಚಿ ಎಣ್ಣೆಯಲ್ಲಿ ಕರಿಯುವ ವಿಧಾನವಿದೆ. ಮೇಲೆ ಉದುರಿಸುವುದು ಸೈಂಧವ ಲವಣ, ಏಲಕ್ಕಿ, ಮೆಣಸಿನ ಪುಡಿ. ಇಲ್ಲಿ ಮೆಣಸೆಂದರೆ ಕರಿಮೆಣಸೇ. ಮೆಣಸಿನಕಾಯಿ ಆಗಿನ್ನೂ ಈ ನೆಲವನ್ನು ಕಂಡಿರಲಿಲ್ಲ. ಅದು ಅಮೆರಿಕೆಯಿಂದ ಪೋರ್ತುಗೀಜರ ಹಡಗುಗಳಲ್ಲಿ ಬಂದದ್ದು ಹದಿನಾರನೆಯ ಶತಮಾನದ ಮಾತು. ಇಂದು ಬ್ಯಾಡಗಿಯ ಹೆಸರನ್ನು ದೇಶಕ್ಕೆಲ್ಲ ಸಾರುವ, 2011ರಲ್ಲಿ ಭೌಗೋಳಿಕ ಗುರುತನ್ನೂ ಪಡೆದ, ಬಣ್ಣ ಹೆಚ್ಚು ಖಾರ ಕಡಿಮೆಯ ಆ ಕೆಂಪು ಕಾಯಿಯಿಲ್ಲದೆಯೇ ಚಾಲುಕ್ಯರ ಮೀನಿನ ಊಟ ಸಾಗಿತ್ತೆಂದರೆ ನಮ್ಮ ಕಡೆಯವರಿಗೆ ಸೋಜಿಗವೆನಿಸೀತು!

ಅರಸನ ವಿನೋದದ ಕಥೆ ಇದಾಯಿತು. ಆದರೆ ನೀರಿನ ಮೇಲೆ ಬದುಕು ಕಟ್ಟಿಕೊಂಡವರ ಕಥೆ ಬೇರೆಯೇ ಇದೆ. ರಾಣೆಬೆನ್ನೂರು ತಾಲೂಕಿನಲ್ಲಿ ತುಂಗಭದ್ರೆಯ ದಡದ ಚೌಡದಾನಪುರ, ಅಂಬಿಗರ ಚೌಡಯ್ಯನ ಊರೆಂದು ನಾಡು ನಂಬಿಕೊಂಡು ಬಂದಿದೆ. ಚೌಡಯ್ಯನದೂ ಅದೇ ಹನ್ನೆರಡನೆಯ ಶತಮಾನ. ಅರಮನೆಯಲ್ಲಿ ನೀರಿನ ಆಟದ ಗ್ರಂಥ ಹುಟ್ಟಿದ ಶತಮಾನದಲ್ಲೇ, ಹುಟ್ಟುಹಾಕಿ ಜನರನ್ನು ದಾಟಿಸುತ್ತಿದ್ದ ಅಂಬಿಗನೊಬ್ಬ ಯಾರ ಮುಲಾಜೂ ಇಲ್ಲದೆ ವಚನಗಳನ್ನು ಹೇಳಿದ. ಅರಸನಿಗೆ ನೀರು ವಿನೋದ. ಅಂಬಿಗನಿಗೂ ಬೆಸ್ತನಿಗೂ ಅದೇ ನೀರು ಅನ್ನ. ಒಂದೇ ಹೊಳೆಯ ಈ ಎರಡು ಮುಖಗಳನ್ನು ಒಟ್ಟಿಗೆ ನೋಡದಿದ್ದರೆ ಗಾಳದ ಇತಿಹಾಸ ಅರ್ಧವಾಗುತ್ತದೆ.

ಮೂರನೆಯ ಪಾಲುದಾರನೊಬ್ಬನಿದ್ದಾನೆ. ಅವನು ರೈತ. ನಮ್ಮ ಜಿಲ್ಲೆ ಅರೆಮಲೆನಾಡು. ಹಾನಗಲ್ಲಿನ ಕಡೆ ಮಳೆ ಹೆಚ್ಚು, ರಾಣೆಬೆನ್ನೂರಿನ ಕಡೆ ಬಂದಂತೆ ಕಡಿಮೆ. ಹೊಳೆಗಳಿದ್ದರೂ ಹೊಲಕ್ಕೆ ನೀರು ಒದಗಬೇಕಾದರೆ ಮಳೆಯ ನೀರನ್ನು ತಡೆದು ನಿಲ್ಲಿಸಲೇಬೇಕು. ಅದಕ್ಕಾಗಿ ಹಿರಿಯರು ಊರೂರಿಗೆ ಕೆರೆ ಕಟ್ಟಿಸಿದರು. ಕುಮದ್ವತಿಗೆ ಗುಡ್ಡಗಳ ನಡುವೆ ಏರಿ ಹಾಕಿ ಕಟ್ಟಿದ ಮದಗ-ಮಾಸೂರಿನ ಕೆರೆ ಜನಪದರ ಹಾಡಿನಲ್ಲಿಯೂ ನೆಲೆಸಿದೆ. ಕೆರೆಯನ್ನು ಕಟ್ಟುವುದಕ್ಕಿಂತ ಕಾಪಾಡುವುದು ಕಷ್ಟವೆಂದು ಅವರು ಅರಿತಿದ್ದರು. ಆದುದರಿಂದಲೇ ನಮ್ಮ ಶಾಸನಗಳಲ್ಲಿ ‘ಕೆರೆಗೊಡಗೆ’, ‘ಬಿತ್ತುವಟ್ಟ’ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತವೆ. ಹೂಳು ತೆಗೆಯುವುದಕ್ಕೆ, ಏರಿಗೆ ಮಣ್ಣು ಹಾಕುವುದಕ್ಕೆ, ತೂಬು ನೋಡಿಕೊಳ್ಳುವುದಕ್ಕೆ ಬಿಟ್ಟ ಭೂಮಿ ಮತ್ತು ಆದಾಯದ ಹೆಸರುಗಳವು. ತಮಿಳುನಾಡಿನ ಶಾಸನಗಳಲ್ಲಿ ಕೆರೆಯ ಮೀನಿನ ಹುಟ್ಟುವಳಿಯನ್ನೂ ಕೆರೆಯ ದುರಸ್ತಿಗೇ ಕೊಟ್ಟ ಏರ್ಪಾಡು ಕಾಣುತ್ತದೆ. ಕೆರೆಯಿಂದ ಬಂದದ್ದು ಕೆರೆಗೇ ಸಲ್ಲಬೇಕೆಂಬುದು ಎಷ್ಟು ನೇರವಾದ ನ್ಯಾಯ!

ಹೀಗೆ ಒಂದೇ ನೀರಿಗೆ ಮೂವರು ವಾರಸುದಾರರು. ನೀರನ್ನು ಬಯಸುವ ರೈತ, ಮೀನನ್ನು ಬಯಸುವ ಬೆಸ್ತ, ಬಿಡುವನ್ನು ಬಯಸುವ ವಿನೋದಿ. ಈ ಮೂವರ ಹೊಂದಾಣಿಕೆ ಕೆಟ್ಟಾಗಲೆಲ್ಲ ಮೊದಲು ಬಡವಾದದ್ದು ಮೀನು.

ಇದನ್ನು ಹೊಸ ಕಾಲದಲ್ಲಿ ಬಲವಾಗಿ ಎತ್ತಿ ಹೇಳಿದವರಲ್ಲಿ ಒಬ್ಬನು ಗಾಳಪ್ರಿಯನಾದ ಒಬ್ಬ ಅಧಿಕಾರಿಯೇ ಎಂಬುದು ಗಮನಿಸಬೇಕಾದ ಸಂಗತಿ. ಹೆನ್ರಿ ಸಲಿವನ್ ಥಾಮಸ್ ಎಂಬಾತ ಮದ್ರಾಸ್ ಸರಕಾರದ ನೌಕರಿಯಲ್ಲಿದ್ದು ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ. ಅವನ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥ 1873ರಲ್ಲಿ ನಮ್ಮ ಮಂಗಳೂರಿನಲ್ಲಿಯೇ ಅಚ್ಚಾಯಿತು. ಭಾರತದ ಗಾಳಗಾರರಿಗೆ ಅದು ಬಹುಕಾಲ ಕೈಪಿಡಿಯಾಗಿತ್ತು. ಘಟ್ಟದ ಹೊಳೆಗಳ ಮಹಶೀರ್ ಮೀನು, ಕಾವೇರಿಯ ಕಡೆಯವರು ಬಿಳಿಮೀನೆಂದು ಕರೆಯುವ ಮೀನು, ಅವನ ಮುಖ್ಯ ವಸ್ತು. ಆದರೆ ಎಲ್ಲರೂ ಘಟ್ಟಕ್ಕೆ ಹೋಗಲಾರರು. ಬಯಲುಸೀಮೆಯ ಊರಿನಲ್ಲಿ ಕೆಲಸ ಮಾಡುವವನಿಗೆ ಸಿಕ್ಕುವುದು ಊರ ಕೆರೆ. ಅಂಥವರಿಗಾಗಿ ಅವನು 1887ರಲ್ಲಿ ‘ಟ್ಯಾಂಕ್ ಆ್ಯಂಗ್ಲಿಂಗ್ ಇನ್ ಇಂಡಿಯಾ’ ಎಂಬ ಇನ್ನೊಂದು ಪುಸ್ತಕವನ್ನೇ ಬರೆದ. ಕೆರೆಯಲ್ಲಿ ಗಾಳ ಹಾಕುವುದಕ್ಕೆಂದೇ ಮೀಸಲಾದ ಪುಸ್ತಕ!

ಥಾಮಸನ ಆಟದ ಹುಮ್ಮಸ್ಸಿನೊಡನೆ ಒಂದು ಕಳವಳವೂ ಇತ್ತು. ದಕ್ಷಿಣ ಕನ್ನಡದ ಹೊಳೆಗಳಲ್ಲಿ ವಿಷ ಹಾಕಿ, ಹಳ್ಳಗಳಿಗೆ ಅಡ್ಡಗಟ್ಟಿ, ಸಣ್ಣ ಕಣ್ಣಿನ ಬಲೆಗಳಿಂದ ಮರಿಗಳನ್ನು ಬಾಚುವುದನ್ನು ಅವನು ಕಂಡು, 1870ರ ವೇಳೆಗೇ ಸರಕಾರಕ್ಕೆ ವರದಿ ಒಪ್ಪಿಸಿದ್ದ. ಮೀನಿನ ಶಾಸ್ತ್ರಜ್ಞ ಫ್ರಾನ್ಸಿಸ್ ಡೇ 1873ರಲ್ಲಿ ದೇಶದ ಸಿಹಿನೀರಿನ ಮೀನುಗಾರಿಕೆಯ ಮೇಲೆ ಒಪ್ಪಿಸಿದ ವರದಿಯಲ್ಲಿಯೂ ಇದೇ ದೂರು ಇತ್ತು. ಈ ಚರ್ಚೆ ಮುಂದುವರಿದು ಕೊನೆಗೆ 1897ರಲ್ಲಿ ಭಾರತೀಯ ಮೀನುಗಾರಿಕೆ ಕಾನೂನು ಬಂದಿತು. ನೀರಿನಲ್ಲಿ ಸಿಡಿಮದ್ದು ಹಾಕುವುದೂ, ವಿಷ ಬೆರೆಸುವುದೂ ಅಪರಾಧವೆಂದು ಅದು ಸಾರಿತು. ಆಗ ನಮ್ಮ ಮೂರೂ ಊರುಗಳು ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಗೆ ಸೇರಿದ್ದವು. 1956ರಲ್ಲಿ ಏಕೀಕೃತ ರಾಜ್ಯಕ್ಕೆ ಬಂದವು, 1997ರಲ್ಲಿ ಹಾವೇರಿ ಜಿಲ್ಲೆಯಾದವು. ಒಳನಾಡಿನ ಮೀನುಗಾರಿಕೆಗೆಂದು ಕರ್ನಾಟಕ ಪ್ರತ್ಯೇಕವಾಗಿ ಮಾಡಿಕೊಂಡ ಕಾನೂನು 1996ರ ಹೆಸರಿನದು. ಆಡಳಿತ ಬದಲಾದರೂ ಮದ್ದು-ವಿಷಗಳ ನಿಷೇಧ ಬದಲಾಗಲಿಲ್ಲ.

ದೊಡ್ಡ ಮೀನಿನ ಆಟ ಮೈಸೂರು ಸೀಮೆಯಲ್ಲಿ ಎಷ್ಟು ಎತ್ತರಕ್ಕೆ ಹೋಗಿತ್ತೆಂಬುದಕ್ಕೆ ಎರಡು ಅಂಕಿಗಳು ಸಾಕು. 1919ರಲ್ಲಿ ರಿವೆಟ್-ಕಾರ್ನಾಕ್ ಎಂಬಾತನಿಗೆ ಕಾವೇರಿಯಲ್ಲಿ ಸಿಕ್ಕ ಮಹಶೀರ್ 119 ಪೌಂಡು ತೂಗಿತು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವನೊಬ್ಬನಿಗೆ ಸಿಕ್ಕದ್ದು 120 ಪೌಂಡು. ಒಬ್ಬ ಆಳಿನ ತೂಕಕ್ಕೆ ಹತ್ತಿರ! ಅಂಥ ಮೀನಿನ ಇಂದಿನ ಸ್ಥಿತಿ ಏನು? ಕಾವೇರಿಯ ಆ ಡುಬ್ಬದ ಮಹಶೀರಿಗೆ ಸರಿಯಾದ ಶಾಸ್ತ್ರೀಯ ಹೆಸರು ಯಾವುದೆಂದು ಶಾಸ್ತ್ರಜ್ಞರು ನಿರ್ಣಯಿಸಿದ್ದೇ 2018ರಲ್ಲಿ. ಅದೇ ವರ್ಷ ಅದನ್ನು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿಸಬೇಕಾಯಿತು. ಹೆಸರಿಟ್ಟ ವರ್ಷವೇ ಅಪಾಯದ ಗಂಟೆ ಹೊಡೆದಂತಾಯಿತು.

ನಮ್ಮ ಕೆರೆಗಳಿಗೆ ಬರೋಣ. ಇಂದು ಕೆರೆಯ ಮೀನೆಂದರೆ ನೀವು ಹೆಸರಿಸುವ ಕಾಟ್ಲಾ, ರೋಹು, ಮೃಗಾಲ ಮೂರೂ ಉತ್ತರದ ಗಂಗೆಯ ಬಯಲಿನವು. ಕಾಟ್ಲಾ ನೀರಿನ ಮೇಲ್ಪದರದಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ ತಳದಲ್ಲಿ. ಮೂರನ್ನೂ ಕೂಡಿ ಬಿಟ್ಟರೆ ಒಂದರ ತುತ್ತಿಗೆ ಇನ್ನೊಂದು ಬಾಯಿ ಹಾಕುವುದು ಕಡಿಮೆ. ಆದರೆ ನಿಂತ ನೀರಿನಲ್ಲಿ ಇವು ಮೊಟ್ಟೆಯಿಡುವುದಿಲ್ಲ. ಅದಕ್ಕೆ ಹರಿಯುವ ಹೊಸ ನೀರು ಬೇಕು. ಹೀಗಾಗಿ ಹಿಂದೆ ಮರಿಗಳನ್ನು ಹೊಳೆಗಳಿಂದಲೇ ಹಿಡಿದು ದೂರದಿಂದ ತರಬೇಕಾಗಿತ್ತು. 1957ರ ಜುಲೈ 10ರಂದು ಒರಿಸ್ಸಾದಲ್ಲಿ ಹೀರಾಲಾಲ ಚೌಧುರಿ ಅವರು ಪಿಟ್ಯೂಟರಿ ಗ್ರಂಥಿಯ ಸತ್ವವನ್ನು ಸೂಜಿಯಿಂದ ಚುಚ್ಚಿ ಈ ಜಾತಿಯ ಮೀನುಗಳು ಕೊಳದಲ್ಲಿಯೇ ಮೊಟ್ಟೆಯಿಡುವಂತೆ ಮಾಡಿದರು. ದೇಶದ ಕೆರೆಗಳ ಚರಿತ್ರೆಯೇ ಆ ದಿನದಿಂದ ಬದಲಾಯಿತು. ಜುಲೈ 10 ಇಂದು ಮೀನುಕೃಷಿಕರ ದಿನವಾಗಿ ಆಚರಣೆಯಲ್ಲಿದೆ. 1952ರಲ್ಲಿ ಹೊರದೇಶದಿಂದ ಬಂದ ತಿಲಾಪಿಯ ಇನ್ನೊಂದು ಕಥೆ. ನಮ್ಮವರು ಜಿಲೇಬಿ ಮೀನೆಂದು ಕರೆಯುವ ಇದರ ಹೆಣ್ಣು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡೇ ಕಾಯುತ್ತದೆ. ಇಂಥ ಕಾವಲಿನಿಂದಾಗಿ ಅದು ಕೆರೆಯಿಂದ ಕೆರೆಗೆ ಹಬ್ಬಿ, ಎಷ್ಟೋ ಕಡೆ ನಾಡಿನ ಮೀನುಗಳಿಗೆ ಜಾಗವೇ ಇಲ್ಲದಂತೆ ಮಾಡಿದೆ. ಎರೆಹುಳು ಕಟ್ಟಿದ ಹುಡುಗನ ಗಾಳಕ್ಕೆ ಮೊದಲು ಬೀಳುವುದೂ ಬಹುಮಟ್ಟಿಗೆ ಇದೇ.

ಕೆರೆಯ ಮೀನು ಬೆಳೆಯಾಯಿತು. ಬೆಳೆಗೆ ಯಜಮಾನನೂ ಬಂದ. ಕೆರೆಗಳನ್ನು ಮೀನುಗಾರಿಕೆ ಇಲಾಖೆಯೋ ಪಂಚಾಯತಿಯೋ ಮೀನುಗಾರರ ಸಹಕಾರಿ ಸಂಘಗಳಿಗೂ ಇತರರಿಗೂ ಗುತ್ತಿಗೆ ಕೊಡುತ್ತವೆ. ಹಣ ಕೊಟ್ಟು ಮರಿ ಬಿಟ್ಟವನಿಗೆ ದಂಡೆಯ ಮೇಲಿನ ಗಾಳಗಾರ ಕಳ್ಳನಂತೆ ಕಾಣುವುದು ಅಸಹಜವಲ್ಲ. ಗಾಳಗಾರನಿಗಾದರೋ ಕೆರೆ ಊರಿನದು, ತನ್ನ ಅಜ್ಜನೂ ಇಲ್ಲಿಯೇ ಕುಳಿತಿದ್ದ ಎಂಬ ಭಾವನೆ. ಈ ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಬಲೆ ಹಾಕುವವನ ಅನ್ನದ ಮುಂದೆ ವಿನೋದಿಯ ಹಕ್ಕು ದೊಡ್ಡದಲ್ಲವೆಂಬುದನ್ನು ಒಪ್ಪಲೇಬೇಕು. ಕೇಳಿ, ಒಪ್ಪಿಗೆ ಪಡೆದು, ಕೋಲು ಹಾಕುವುದು ನ್ಯಾಯ. ಹಾಗೆಯೇ ರಜೆಯ ದಿನ ದಂಡೆಯ ಒಂದು ಮಗ್ಗುಲನ್ನು ಗಾಳಕ್ಕೆ ಬಿಟ್ಟುಕೊಡುವುದರಿಂದ ಸಂಘಕ್ಕೆ ದೊಡ್ಡ ನಷ್ಟವೇನೂ ಆಗದು. ಸಣ್ಣ ಶುಲ್ಕ ಇಟ್ಟರೆ ಲಾಭವೇ ಆದೀತು.

ಆದರೆ ಗುತ್ತಿಗೆಯವನೂ ಗಾಳದವನೂ ಜಗಳವಾಡುತ್ತಿರುವಾಗ ಇಬ್ಬರ ಸ್ವತ್ತನ್ನೂ ನುಂಗುವ ಮೂರನೆಯದೊಂದಿದೆ. ಅದು ಊರಿನ ಕೊಳಚೆ. 2016ರ ಮಾರ್ಚಿನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸಾವಿರಾರು ಮೀನುಗಳು ಬೆಳಗಾಗುವಷ್ಟರಲ್ಲಿ ಸತ್ತು ತೇಲಿದ್ದನ್ನು ನೀವು ಪತ್ರಿಕೆಗಳಲ್ಲಿ ಓದಿರಬಹುದು. ಹೀಗೇಕಾಗುತ್ತದೆ? ಕೊಳಚೆಯಲ್ಲಿರುವ ಸತ್ವದಿಂದ ನೀರಿನಲ್ಲಿ ಪಾಚಿ ಮಿತಿಮೀರಿ ಬೆಳೆಯುತ್ತದೆ. ಹಗಲಿನಲ್ಲಿ ಬಿಸಿಲಿದ್ದಾಗ ಪಾಚಿ ಆಮ್ಲಜನಕವನ್ನು ಬಿಡುತ್ತದೆ. ರಾತ್ರಿಯಲ್ಲಿ ಅದೇ ಪಾಚಿ ಆಮ್ಲಜನಕವನ್ನು ಹೀರುತ್ತದೆ. ಕೊಳೆಯುವ ಕಸವೂ ಹೀರುತ್ತದೆ. ಬೆಳಗಿನ ಜಾವಕ್ಕೆ ನೀರಿನಲ್ಲಿ ಉಸಿರೇ ಇರುವುದಿಲ್ಲ. ಆಗ ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತವೆ. ಇದನ್ನು ಎಲ್ಲರಿಗಿಂತ ಮೊದಲು ಕಾಣುವವನು ಯಾರು? ನಸುಕಿನಲ್ಲಿ ದಂಡೆಗೆ ಬಂದು ಕುಳಿತ ಗಾಳಗಾರ. ಕೆಲಸವಿಲ್ಲದವನೆಂದು ನಾವು ನಗುವ ಆ ಮನುಷ್ಯ ಊರಿನ ನೀರಿಗೆ ಸಂಬಳವಿಲ್ಲದ ಕಾವಲುಗಾರನಾಗಬಲ್ಲ.

ಸೋಮೇಶ್ವರನ ಗ್ರಂಥದಲ್ಲಿ ಮೀನಿನ ವಿನೋದದಂತೆ ಬೇಟೆಯ ವಿನೋದವೂ ಇದೆ. ಅರಸರಿಗೆ ಜಿಂಕೆಯ ಬೇಟೆ ಗೌರವದ ಆಟವಾಗಿತ್ತು. 1974ರಲ್ಲಿ ರಾಣೆಬೆನ್ನೂರಿನ ಕುರುಚಲು ಕಾಡು ಕೃಷ್ಣಮೃಗಗಳ ಅಭಯಾರಣ್ಯವಾಯಿತು. ನಿನ್ನೆಯ ಬೇಟೆಯನ್ನು ಇಂದು ಮಕ್ಕಳಿಗೆ ದೂರದಿಂದ ತೋರಿಸಿ ಸಂತೋಷಪಡುವುದನ್ನು ನಾವು ಕಲಿತೆವು. ಜಿಂಕೆಗೆ ದೊಡ್ಡ ಕಣ್ಣುಗಳಿವೆ, ನೋಡಿದವರ ಕರುಳು ಕರಗುತ್ತದೆ. ಮೀನಿಗೆ ಕೂಗಲು ದನಿಯಿಲ್ಲ, ಅದು ನಮ್ಮ ಕಣ್ಣಿಗೂ ಬೀಳುವುದಿಲ್ಲ. ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನೂ, ಶಿಶಿಲದಲ್ಲಿ ಕಪಿಲೆಯ ಮೀನುಗಳನ್ನೂ ಜನರು ಭಕ್ತಿಯಿಂದ ಕಾಪಾಡಿಕೊಂಡು ಬಂದಿದ್ದಾರೆ. ಊರ ಕೆರೆಯ ಮೀನಿಗೆ ಅಂಥ ದೇವರ ಆಸರೆ ಇಲ್ಲ. ಅದಕ್ಕೆ ಆಸರೆ ನಮ್ಮ ವಿವೇಕವೊಂದೇ.

ನಿಮ್ಮ ಮನೆಯ ಹುಡುಗ ಗಾಳ ಬೇಕೆಂದು ಕೇಳಿದರೆ ಬೈಯಬೇಡಿರಿ. ಕೊಡಿಸಿರಿ, ಜೊತೆಗೆ ನಾಲ್ಕು ಮಾತು ಹೇಳಿರಿ. ಮೊದಲನೆಯದು, ಈಜು ಬಾರದವನು ಒಬ್ಬನೇ ಕೆರೆಗೆ ಹೋಗಬಾರದು. ಎರಡನೆಯದು, ಅಂಗೈಗಿಂತ ಚಿಕ್ಕ ಮೀನನ್ನು ಕೈ ಒದ್ದೆ ಮಾಡಿಕೊಂಡು ಬಿಡಿಸಿ ನೀರಿಗೇ ಬಿಡಬೇಕು. ಒಣ ಕೈ ತಾಗಿದರೆ ಮೈಯ ಲೋಳೆ ಕಿತ್ತುಬಂದು ಮೀನಿಗೆ ರೋಗ ತಗಲುತ್ತದೆ. ಮೂರನೆಯದು, ಮಳೆಗಾಲದ ಮೊದಲ ನೀರಿಗೆ ಹಳ್ಳಗಳಲ್ಲಿ ಮೇಲಕ್ಕೆ ಏರುವ ಮೀನುಗಳು ಮೊಟ್ಟೆ ಹೊತ್ತಿರುತ್ತವೆ; ಆಗ ಅವನ್ನು ಹಿಡಿಯುವುದೆಂದರೆ ಬಿತ್ತನೆಯ ಬೀಜವನ್ನೇ ಬೇಯಿಸಿ ಉಂಡಂತೆ. ನಾಲ್ಕನೆಯದು, ನೀರಿನ ಮೇಲೆ ಕೆಂಪು ಬಣ್ಣದ ಮರಿಗಳ ಗುಂಪು ಕುದಿಯುವಂತೆ ಆಡುತ್ತಿದ್ದರೆ ಅದರ ಕೆಳಗೆ ತಾಯಿತಂದೆ ಕೊರವ ಮೀನು ಕಾವಲಿವೆಯೆಂದು ತಿಳಿಯಬೇಕು. ಆ ಕಾವಲಿನ ಮೀನು ಕೋಪದಿಂದ ಗಾಳಕ್ಕೆ ಬೇಗ ಬಾಯಿ ಹಾಕುತ್ತದೆ. ಹಾಗೆ ಹಿಡಿದರೆ ಸಿಕ್ಕುವುದು ಒಂದು ಮೀನು, ಹೋಗುವುದು ನೂರಾರು ಮರಿ.

ಈ ನಾಲ್ಕು ಮಾತು ಕಲಿತ ಹುಡುಗನಿಗೆ ಕೆರೆಯ ಮೇಲೆ ಪ್ರೀತಿ ತಾನಾಗಿಯೇ ಹುಟ್ಟುತ್ತದೆ. ನೀರು ಯಾವ ತಿಂಗಳು ಎಲ್ಲಿಯವರೆಗೆ ಬರುತ್ತದೆ, ಯಾವ ಮೂಲೆಯಲ್ಲಿ ಗಟಾರು ಸೇರುತ್ತದೆ, ಯಾವ ಹಕ್ಕಿ ಈ ವರ್ಷ ಬರಲಿಲ್ಲ ಎಂಬುದನ್ನು ಅವನು ಬಲ್ಲವನಾಗುತ್ತಾನೆ. ನಾಳೆ ಕೆರೆಯ ಅಂಗಳವನ್ನು ಯಾರಾದರೂ ಒತ್ತರಿಸಲು ಬಂದಾಗ, ನೀರಿಗೆ ಕಸ ಸುರಿಯಲು ಬಂದಾಗ, ಬೇಡವೆನ್ನುವ ಧೈರ್ಯ ಅಂಥವನಿಗೆ ಬರುತ್ತದೆ. ಮೀನನ್ನು ಮೊದಲು ತಿಳಿ, ಆಮೇಲೆ ಗಾಳ ಹಾಕು ಎಂಬ ಕ್ರಮವನ್ನು ಕಲ್ಯಾಣದ ಅರಸನು ಒಂಬೈನೂರು ವರ್ಷಗಳ ಹಿಂದೆಯೇ ಹಾಕಿಕೊಟ್ಟಿದ್ದಾನೆ. ಗಾಳ ಹಾಕುವುದಕ್ಕೆ ಕೆರೆಯೇ ಉಳಿದಿರಬೇಕೆಂಬ ಮಾತನ್ನು ಬರೆಯುವ ಅಗತ್ಯ ಅವನ ಕಾಲಕ್ಕೆ ಇರಲಿಲ್ಲ. ಅದನ್ನು ಸೇರಿಸಿಕೊಳ್ಳುವ ಕೆಲಸ ನಮ್ಮ ಪಾಲಿಗೆ ಬಂದಿದೆ.